ಕಡೆಯ ನುಡಿಗೆ ಒಂದು ಊರು

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯೊಂದರಲ್ಲಿ ರಾಜಬಿಯ ಗಾದಿ ಅಂಗಡಿಯಿದೆ. ಅಂಗಡಿ ಗಂಡ ಸಿಕಂದರನದು, ಬೋರ್ಡಿನ ಮೇಲೂ ಅವನ ಹೆಸರೇ. ಹತ್ತಿ ಹಿಂಜುವ ಯಂತ್ರ ನಡೆಸುವುದು ಅವನ ಕೆಲಸ; ಗವಸಿಗೆ ಹತ್ತಿ ತುಂಬಿ ದಬ್ಬಣದಿಂದ ಹೊಲಿಯುವುದು ಅವಳ ಕೆಲಸ. ಯಂತ್ರ ಸುರುವಾಯಿತೆಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಇಷ್ಟು ವರ್ಷ ಸಂಸಾರ ತಕರಾರಿಲ್ಲದೆ ನಡೆದದ್ದು ಅದರಿಂದಲೇ ಎಂದು ಸಿಕಂದರ ಗಿರಾಕಿಗಳಿಗೆ ಹೇಳುತ್ತಾನೆ. ಆ ಸಪ್ಪಳದ ನಡುವೆ ಕೂತು ರಾಜಬಿ ಪದ ಕಟ್ಟುತ್ತಾಳೆ.

ಕಟ್ಟುತ್ತಾಳೆ ಅಷ್ಟೇ, ಹಾಡುವುದಿಲ್ಲ. ಅವಳ ದನಿ ಹಾಡಿಗೆ ಬಂದದ್ದಲ್ಲ. ಹಿಂದೊಮ್ಮೆ ನಾದಿನಿಯ ಮದುವೆಯಲ್ಲಿ ಅವಳು ಸೋಬಾನ ಎತ್ತಿಕೊಂಡಾಗ ಮದುಮಗಳು ಅತ್ತುಬಿಟ್ಟಳು. ತವರು ಬಿಡುವ ದುಃಖವೆಂದು ಎಲ್ಲರೂ ಸಮಾಧಾನ ಮಾಡಿದರು. ಕಾರಣ ಏನೆಂದು ರಾಜಬಿಗೆ ಗೊತ್ತಿತ್ತು. ಅಂದಿನಿಂದ ಹಾಡುವ ಕೆಲಸವನ್ನು ಹಾಡುವವರಿಗೆ ಬಿಟ್ಟಳು. ಮೊಹರಂ ಬಂದರೆ ಕರ್ಬಲಾದ ಕತೆ ಹೇಳುವ ರಿವಾಯತ, ಮದುವೆ ಬಂದರೆ ಸೋಬಾನ, ಏನೂ ಬರದಿದ್ದಾಗ ಊರುಕೇರಿಯ ಪದ, ಹೀಗೆ ಕಟ್ಟಿಕೊಡುತ್ತ ಬಂದಳು. ಸುತ್ತಲಿನ ಮೇಳದವರು ಬಂದು ಗಾದಿಯ ಮೇಲೆ ಕೂತು, ಚಹಾ ಕುಡಿದು, ಪದ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು.

ಮೊಬೈಲು ಬಂದ ಮೇಲೆ ಬರುವವರು ಕಡಿಮೆಯಾದರು. ರಾಜಬಿ ಪದವನ್ನು ಮೊಬೈಲಿನಲ್ಲಿ ಹೇಳಿ ಕಳಿಸುತ್ತಾಳೆ, ಅವರು ಅದನ್ನೇ ನಾಲ್ಕು ಸಲ ಹಚ್ಚಿ ಕೇಳಿ ಕಲಿಯುತ್ತಾರೆ. ಇದರಿಂದ ಒಮ್ಮೆ ಒಂದು ಎಡವಟ್ಟಾಯಿತು. ಅವಳು ಪದ ಹೇಳುತ್ತಿದ್ದಾಗ ಗಿರಾಕಿಯೊಬ್ಬ ಬಂದು ಏನೋ ಕೇಳಿದ. ಅವಳು ಅದೇ ಲಯದಲ್ಲಿ "ಮೂರು ಕಿಲೋದಾಗ ಇಬ್ಬರು ಮಲಗೂ ಗಾದಿ ಆಗೂದಿಲ್ಲೋ ಯಪ್ಪಾ" ಎಂದು ಉತ್ತರ ಕೊಟ್ಟು ಪದ ಮುಂದುವರಿಸಿದಳು. ಬಬಲೇಶ್ವರ ಮೇಳದ ಮುಖ್ಯ ಹಾಡುಗಾರ ರಾಮಲಿಂಗ ಅದನ್ನೂ ಒಂದು ಸಾಲೆಂದು ತಿಳಿದು ಕಲಿತ, ಕಲಿತದ್ದನ್ನು ಕೂಡಿದ ಮಂದಿಯೆದುರು ಹಾಡಿದ. ಹಿಮ್ಮೇಳದವರು ಆ ಸಾಲನ್ನು ಎರಡೆರಡು ಸಲ ಎತ್ತಿದರು. ಮುಂದೆ ಕೂತಿದ್ದ ಹಿರಿಯರೊಬ್ಬರು ಕಣ್ಣು ಮುಚ್ಚಿ, "ಜೀವ ಮತ್ತ ಶರೀರದ ಮಾತು ಇದು" ಎಂದು ತಲೆದೂಗಿದರಂತೆ. ಸುದ್ದಿ ತಿಳಿದ ಮೇಲೆ ರಾಜಬಿ ಆ ಸಾಲನ್ನು ತೆಗೆಸಲಿಲ್ಲ. ಮಂದಿಗೆ ಅರ್ಥವಾಗಿದೆಯಲ್ಲ, ಇರಲಿ ಬಿಡು ಅಂದಳು.

ಈ ಸೀಮೆಯ ಪದಗಳಿಗೆ ಒಂದು ಕಟ್ಟಳೆಯಿದೆ. ಪದ ಎಷ್ಟೇ ಉದ್ದವಿರಲಿ, ಕಡೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಒಂದು ಊರಿನ ಹೆಸರೂ ಒಬ್ಬ ಮನುಷ್ಯನ ಹೆಸರೂ ಬರಬೇಕು. ಇಂಥ ಊರು, ಇಂಥವರು ಕಟ್ಟಿದ್ದು ಎಂದು ಹೇಳಿದ ಮೇಲೆಯೇ ಪದ ಮುಗಿದಂತೆ. ರಾಜಬಿ ಕಟ್ಟಿದ ಪದಗಳು ರಾಮಲಿಂಗನ ಬಾಯಲ್ಲಿ ಬಬಲೇಶ್ವರದಲ್ಲಿ ಮುಗಿಯುತ್ತಿದ್ದವು, ತಿಕೋಟಾದ ಮಲ್ಲಿಕಸಾಬನ ಬಾಯಲ್ಲಿ ತಿಕೋಟಾದಲ್ಲಿ. ಮನುಷ್ಯರ ಹೆಸರಿನ ಜಾಗದಲ್ಲಿ ಆಯಾ ಮೇಳದ ಗುರುಗಳ ಹೆಸರು ಇರುತ್ತಿತ್ತು. ರಾಜಬಿ ಇದಕ್ಕೆ ಬೇಸರ ಮಾಡಿಕೊಂಡವಳಲ್ಲ. ಗಾದಿ ಹೊಲಿದವರ ಹೆಸರನ್ನು ಗಾದಿಯ ಮೇಲೆ ಯಾರೂ ಬರೆಯುವುದಿಲ್ಲ, ಮಲಗುವವರಿಗೆ ನಿದ್ದೆ ಬಂದರೆ ಆಯಿತು ಎನ್ನುವ ಹೆಂಗಸು ಅವಳು.

ತಕರಾರು ಎದ್ದದ್ದು ತಿಕೋಟಾದಲ್ಲಿ. ಸುತ್ತಿನ ಮೇಳಗಳೆಲ್ಲ ವರ್ಷಕ್ಕೊಮ್ಮೆ ಒಂದೊಂದು ಊರಿನಲ್ಲಿ ಕೂಡಿ ಹಾಡುತ್ತಾರೆ. ಆ ವರ್ಷ ತಿಕೋಟಾದ ಪಾಳಿ. ಮೊದಲು ರಾಮಲಿಂಗ ನಿಂತು ಕೆರೆಯಿಂದ ನೀರು ಹೊತ್ತು ತರುವ ಹೆಣ್ಣುಮಗಳ ಪದ ಹಾಡಿದ. ಬಬಲೇಶ್ವರದ ಹೆಸರು ಹೇಳಿ ಮುಗಿಸಿ ಕೂತ. ಚಪ್ಪಾಳೆ ಬಿತ್ತು. ಆಮೇಲೆ ಮಲ್ಲಿಕಸಾಬ ನಿಂತ. ಅವನೂ ಅದೇ ಹೆಣ್ಣುಮಗಳಿಗೆ ಅದೇ ಕೊಡ ಹೊರಿಸಿ ಅದೇ ಏರಿಯ ಮೇಲೆ ಕರೆತಂದ. ಅವಳು ಬಂದು ಸೇರಿದ್ದು ಮಾತ್ರ ತಿಕೋಟಾಕ್ಕೆ.

ಕೂತ ಮಂದಿಯಲ್ಲಿ ಗುಜುಗುಜು ಸುರುವಾಯಿತು. ಕದ್ದವರು ಯಾರು ಎಂಬ ಪ್ರಶ್ನೆ ಬಂತು. ಎರಡೂ ಮೇಳದವರು ಎದ್ದು ನಿಂತರು. ಜಗಳ ತಾಳ ಹಿಡಿದ ಕೈಗಳಿಗೆ ಇಳಿಯುವ ಮೊದಲೇ ಕೂಟದ ಪಂಚರು ರಾಜಬಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೈಕಿಗೆ ಹಿಡಿದರು.

"ರಾಜಬಿ ಅಕ್ಕಾರ, ನೀರ ಹೊರೂ ಪದ ಯಾರಿಗೆ ಕೊಟ್ಟೀರಿ?"

"ಇಬ್ಬರಿಗೂ ಕೊಟ್ಟೀನ್ರಿ."

"ಒಂದ ಪದ ಇಬ್ಬರಿಗೆ ಹ್ಯಾಂಗ ಕೊಡ್ತೀರಿ?"

"ಇಬ್ಬರೂ ಕೇಳಿದ್ರು. ಗಾದಿ ಆದ್ರ ಇಬ್ಬರಿಗೆ ಕೊಡಾಕ ಬರೂದಿಲ್ರಿ. ಪದಕ್ಕೇನು ಆಗೂದೈತಿ?"

ಮಂದಿ ನಕ್ಕರು. ಪಂಚರು ನಗಲಿಲ್ಲ. ಪದ ಕಟ್ಟಿದವರು ಯಾವ ಊರಿನವರೋ ಆ ಊರಿನ ಹೆಸರನ್ನೇ ಹಾಡಬೇಕು, ಅದೇ ನ್ಯಾಯ ಎಂದು ಒಬ್ಬರು ತೀರ್ಮಾನ ಹೇಳಿದರು. ಆಗ ರಾಮಲಿಂಗ ಅವಳು ಬಬಲೇಶ್ವರದ ಮಗಳು, ಅಲ್ಲಿಯೇ ಬೆಳೆದವಳು ಎಂದ. ಮಲ್ಲಿಕಸಾಬ ಅವಳು ತಿಕೋಟಾದ ಸೊಸೆ, ಸಿಕಂದರನ ಮನೆ ಇನ್ನೂ ಇಲ್ಲೇ ಇದೆ ಎಂದ. ಅವಳು ಅಂಗಡಿ ಇಟ್ಟಿರುವುದು ವಿಜಯಪುರದಲ್ಲಲ್ಲವೇ ಎಂದು ವಿಜಯಪುರದಿಂದ ಬಂದಿದ್ದ ಒಬ್ಬರು ಕೇಳಿದರು. ಪಂಚರು ಮತ್ತೆ ಮೈಕಿನಲ್ಲಿ ಕೇಳಿದರು:

"ಅಕ್ಕಾರ, ನೀವಾ ಹೇಳ್ರಿ. ನಿಮ್ಮದು ಯಾವೂರು?"

"ವಿಚಾರ ಮಾಡಿ ಹೇಳ್ತೀನ್ರಿ" ಎಂದು ರಾಜಬಿ ಫೋನು ಇಟ್ಟಳು. ಬರುವ ವರ್ಷ ಬಬಲೇಶ್ವರದಲ್ಲಿ ಕೂಡುವಾಗ ರಾಜಬಿ ತನ್ನ ಊರಿನ ಮೇಲೆ ಒಂದು ಪದ ಕಟ್ಟಿಕೊಡಬೇಕು, ಕಡೆಯ ನುಡಿಯಲ್ಲಿ ಅವಳ ಊರೂ ಅವಳ ಹೆಸರೂ ಇರಬೇಕು, ಎರಡೂ ಮೇಳದವರು ಕೂಡಿ ಅದನ್ನು ಹಾಡಬೇಕು ಎಂದು ಪಂಚರು ಗೊತ್ತು ಮಾಡಿದರು.

ಸಿಕಂದರನಿಗೆ ಇದು ದೊಡ್ಡ ವಿಷಯವೆನಿಸಲಿಲ್ಲ. ಯಂತ್ರ ನಿಂತಾಗ, "ಸುಮ್ಮ ಬಿಜಾಪುರ ಅಂತ ಹಾಕು. ಎಲ್ಲಾರಿಗೂ ಗೊತ್ತಿರೂ ಊರು, ಗಿರಾಕಿನೂ ಬರ್ತಾರ" ಅಂದ.

"ಅದು ಅಂಗಡಿ ಊರ್ರಿ."

"ಮತ್ತ ತಿಕೋಟಾ ಹಾಕು."

"ಅದು ನಿಮ್ಮೂರು."

"ಹಂಗಾರ ನಿಂದು ಯಾವೂರು?"

ಲಗ್ನವಾಗಿ ಇಷ್ಟು ವರ್ಷದ ಮೇಲೆ ಗಂಡ ಕೇಳಿದ ಪ್ರಶ್ನೆ ಇದು. ರಾಜಬಿಗೆ ಉತ್ತರ ಗೊತ್ತಿತ್ತು, ಈ ತನಕ ಯಾರೂ ಕೇಳಿರಲಿಲ್ಲ ಅಷ್ಟೇ. "ಮಮದಾಪುರ" ಅಂದಳು.

ಮಮದಾಪುರ ಅವಳು ಹುಟ್ಟಿದ ಊರು, ಅವ್ವ ಶಹಜಾದಿಯ ತವರು. ಅಪ್ಪ ಬಬಲೇಶ್ವರದವನು, ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗಿ ಹತ್ತಿ ಹಿಂಜುತ್ತಿದ್ದ. ಶಾಲೆಗೆ ಹೋಗುವ ವಯಸ್ಸಿನ ತನಕ ತಾನು ಮಮದಾಪುರದಲ್ಲೇ ಇದ್ದೆ, ಆಮೇಲೆ ಅಜ್ಜ ಅಜ್ಜಿ ತೀರಿಕೊಂಡು ಆ ಮನೆ ಮುಚ್ಚಿದ್ದರಿಂದ ಬಬಲೇಶ್ವರಕ್ಕೆ ಬಂದೆವು ಎಂಬುದು ಅವಳ ತಿಳಿವಳಿಕೆ. ಅಲ್ಲಿಂದ ಮುಂದೆ ಆ ಊರಿಗೆ ಹೋಗಿಯೇ ಇರಲಿಲ್ಲ. ಹೋಗುವುದಕ್ಕೆ ಅಲ್ಲಿ ಯಾರೂ ಉಳಿದಿರಲಿಲ್ಲ. ಅವಳ ಎಲ್ಲ ಪದಗಳಲ್ಲೂ ಇದ್ದದ್ದು ಮಾತ್ರ ಆ ಊರೇ. ಪದದಲ್ಲಿ ನೀರು ಬೇಕಾದಾಗ ಅವಳು ಮಮದಾಪುರದ ಕೆರೆಯಿಂದ ತರುತ್ತಿದ್ದಳು. ನೆರಳು ಬೇಕಾದರೆ ಆ ಏರಿಯ ಬೇವಿನ ಗಿಡದ್ದು. ಕರ್ಬಲಾದ ಕತೆಯಲ್ಲಿ ಕುದುರೆ ಬರಬೇಕಾದಾಗ ಅವಳ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದದ್ದು ಮಮದಾಪುರದ ಏರಿಯ ಮೇಲಿನ ಬಿಳಿ ಕುದುರೆ. ಅವ್ವನ ಬಗಲಲ್ಲಿ ಕೂತು ಅದನ್ನು ನೋಡಿ ನಕ್ಕದ್ದು, ಅದು ಕಿವಿ ಅಲ್ಲಾಡಿಸಿದ್ದು, ಕೆರೆಯ ನೀರು ಮೆಟ್ಟಿಲಿಗೆ ಬಡಿಯುವ ಸಪ್ಪಳ, ಎಲ್ಲ ಅವಳಿಗೆ ನಿನ್ನೆಯಂತೆ ನೆನಪಿತ್ತು.

ಪದ ಬೇಗ ಬಂತು. ಒಂದು ದೊಡ್ಡ ಗಾದಿ ಮುಗಿಯುವುದರೊಳಗೆ ಪದವೂ ಮುಗಿದಿತ್ತು.

ಮಮದಾಪುರದ ಏರಿಯ ಮ್ಯಾಲ
ಬಿಳಿಯ ಕುದುರಿ ನಿಂತಿತ್ತ
ಮೆಟ್ಟಲ ಮುಳುಗಿಸಿ ಕೆರಿಯ ನೀರು
ಅವ್ವನ ಕಾಲ ತೊಳದಿತ್ತ

ಹೀಗೆ ಹೊರಟು, ನಾನು ಹುಟ್ಟಿ ಬೆಳೆದ ಊರು ಮಮದಾಪುರ ಎಂಬಲ್ಲಿಗೆ ಬಂದು ನಿಂತಿತು. ರಾಮಲಿಂಗ ಕೇಳಿ, "ಅಕ್ಕಾ, ಇದು ಭಾಳ ಚಲೋ ಬಂದೈತಿ" ಅಂದ. ಬಬಲೇಶ್ವರದ ಹೆಸರು ಹೋಯಿತಲ್ಲ ಎಂಬ ಬೇಜಾರಿದ್ದರೂ ಕುದುರೆ ಅವನಿಗೆ ಹಿಡಿಸಿತ್ತು. ಮೆಟ್ಟಿಲು ಎಷ್ಟು ಎಂದು ಮಾತ್ರ ಕೇಳಿದ. ಏಳು ಅಂದರೆ ತಾಳಕ್ಕೆ ಸರಿಹೋಗುತ್ತದೆ, ಆರು ಅಂದರೆ ತೊಡಕಾಗುತ್ತದೆ. ರಾಜಬಿಗೆ ಮೆಟ್ಟಿಲು ನೆನಪಿತ್ತು, ಎಣಿಕೆ ನೆನಪಿರಲಿಲ್ಲ. ಹೋಗಿ ನೋಡಿಯೇ ಬರುತ್ತೇನೆ ಅಂದಳು.

ಶುಕ್ರವಾರ ಅಂಗಡಿ ಮುಚ್ಚಿದ್ದಾಗ ಆಧಾರ್ ಕಾರ್ಡು ಹಿಡಿದು ಬಸ್ಸು ಹತ್ತಿದಳು. ಬಬಲೇಶ್ವರದಲ್ಲಿ ಇಳಿದು ಇನ್ನೊಂದು ಬಸ್ಸು. ಕಂಡಕ್ಟರ್ ಹೆಂಗಸರ ಪುಕ್ಕಟೆ ಟಿಕೀಟು ಹರಿಯುತ್ತ, "ಯಾವೂರಿಗೆ ಬೇ?" ಅಂದ. "ನಮ್ಮೂರಿಗೆ" ಎಂದಳು ರಾಜಬಿ. ಅವನು ಪೆನ್ನು ಕಿವಿಗೆ ಸಿಗಿಸಿಕೊಂಡು ಕಾದ. ಅವಳು ಊರಿನ ಹೆಸರು ಹೇಳಿದಳು.

ಮಮದಾಪುರದಲ್ಲಿ ಇಳಿದು ಕೆರೆ ಯಾವ ಕಡೆ ಎಂದು ಕೇಳಬೇಕಾಯಿತು. ಅವಳು ಎಡಕ್ಕೆ ಹೊರಟಿದ್ದಳು, ಕೆರೆ ಬಲಕ್ಕಿತ್ತು. ವಯಸ್ಸಾಯಿತು, ಎಡಬಲ ಮರೆತಿರಬಹುದು ಎಂದುಕೊಂಡಳು. ಏರಿ ಹತ್ತಿದಳು. ಕೆರೆ ದೊಡ್ಡದು, ಅವಳ ಪದಕ್ಕಿಂತ ದೊಡ್ಡದು. ಅವಳು ನಿಂತ ಕಡೆ ಮೆಟ್ಟಿಲಿರಲಿಲ್ಲ, ಏರಿಯ ಕಲ್ಲುಗಳು ಇಳಿಜಾರಾಗಿ ನೀರಿಗೆ ಹೋಗಿದ್ದವು. ಬೇವಿನ ಗಿಡ ಇರಬೇಕಾದಲ್ಲಿ ಜಾಲಿಯ ಗಿಡಗಳಿದ್ದವು. ಅವುಗಳ ಕೆಳಗೆ ಹಣ್ಣುಹಣ್ಣು ಮುದುಕಿಯೊಬ್ಬಳು ನಾಲ್ಕು ಆಡು ಬಿಟ್ಟುಕೊಂಡು ಕೂತಿದ್ದಳು. ಅವಳ ಹೆಸರು ಹೊಳೆವ್ವ.

"ಯಾರ ಪೈಕಿ ಬೇ ನೀ?" ಹೊಳೆವ್ವ ಕೇಳಿದಳು.

"ಪಿಂಜಾರ ಶಹಜಾದಿ ಮಗಳು ನಾನು, ರಾಜಬಿ."

ಹೊಳೆವ್ವ ಕೈಯಿಂದ ಬಿಸಿಲು ಮರೆಮಾಡಿ ಅವಳನ್ನು ನೋಡಿದಳು. "ನಮ್ಮ ಶಹಜಾದಿ ಮಗಳಾ? ಬಾರಾ ಯವ್ವಾ, ಕುಂದರು. ನಿನಗ ದಿನಾ ಎರದಾಕಿ ನಾನ. ನಮ್ಮ ಮನಿ, ನಿಮ್ಮಜ್ಜನ ಮನಿ ಒಂದ ಗೋಡಿ. ಎಷ್ಟ ಅಳತಿದ್ದಿ ನೀ! ಓಣಿ ಮಂದಿಗೆಲ್ಲಾ ನಿದ್ದಿ ಇರಲಿಲ್ಲ."

ರಾಜಬಿಗೆ ಕಣ್ಣು ತುಂಬಿ ಬಂತು. ಬಂದ ಕೆಲಸ ಹೇಳಿದಳು. ಪದವನ್ನು ಹಾಡದೆ, ಮಾತಿನಂತೆಯೇ, ಮೊದಲಿನಿಂದ ಕಡೆಯತನಕ ಹೇಳಿ ಒಪ್ಪಿಸಿದಳು. ಹೊಳೆವ್ವ ಆಡಿನ ಮೇಲೆ ಒಂದು ಕಣ್ಣಿಟ್ಟು ಪೂರಾ ಕೇಳಿದಳು.

"ಪದ ಚಲೋ ಐತಿ. ಇದು ಯಾವೂರಿನ ಕೆರಿ?"

"ಇದಾ ಕೆರಿ ಆಯಿ."

"ಈ ಕೆರೀಗೆ ನಮ್ಮ ಮನಿ ಕಡಿಂದ ಮೆಟ್ಟಲ ಎಲ್ಲಿ ಇದ್ದೂ? ಕಲ್ಲ ಮ್ಯಾಲ ಜಾರಿಕೋತ ಇಳಿತಿದ್ವಿ. ಒಂದ ಸಲ ನಿಮ್ಮವ್ವ ಕೊಡ ಸಮೇತ ಬಿದ್ದಾಳ."

"ಬಿಳಿ ಕುದುರಿ?"

"ಕುದುರಿ?" ಹೊಳೆವ್ವ ವಿಚಾರ ಮಾಡಿದಳು. ವಿಚಾರ ಮಾಡುತ್ತ ಹೋದಂತೆ ಅವಳ ಬೊಚ್ಚು ಬಾಯಿ ಅಗಲವಾಯಿತು. "ಕುದುರಿ ಅಲ್ಲ ಬೇ ಅದು, ಕತ್ತಿ! ಅಗಸರ ಕತ್ತಿ. ಬಿಳೇದೂ ಅಲ್ಲ, ಬೂದಿ ಬಣ್ಣ. ಅದಕ್ಕ ಒಂದ ಕಿವಿ ಇರಲಿಲ್ಲ. ನಿಮ್ಮವ್ವ ಸಣ್ಣಾಕಿದ್ದಾಗಿಂದ ಅದಕ್ಕ ರೊಟ್ಟಿ ಹಾಕತಿದ್ಳು. ಆಕಿನ್ನ ಕಂಡ್ರ ಓಡಿ ಬರತಿತ್ತು. ನಿಮ್ಮವ್ವಂದು ದೊಡ್ಡ ಮನಸು. ಕುದುರಿ ಮಾಡ್ಯಾಳ."

ರಾಜಬಿ, "ನಾ ನೋಡೀನಿ ಆಯಿ. ಅವ್ವನ ಬಗಲಾಗ ಕುಂತು ನೋಡೀನಿ. ಅದು ಎರಡೂ ಕಿವಿ ಅಲ್ಲಾಡಿಸಿತ್ತು" ಅಂದಳು.

"ನೀ ಹ್ಯಾಂಗ ನೋಡ್ತಿ? ನಿನಗ ಆವಾಗ ಕುತ್ತಿಗಿ ನಿಂತಿರಲಿಲ್ಲ."

ಆಗ ಹೊಳೆವ್ವ ಎಲ್ಲ ಹೇಳಿದಳು. ಶಹಜಾದಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸಿಗೆ ಮೂರು ತಿಂಗಳಾದಾಗ ಗಂಡ ಬಂದು ಕರೆದ. ಆ ಸಲ ಕೆರೆ ಬತ್ತಿ ತಳ ಕಂಡಿತ್ತು. ಮೆಟ್ಟಿಲು ಮುಳುಗುವ ಮಾತೆಲ್ಲಿ ಬಂತು, ಕೊಡ ಮುಳುಗಿಸುವುದೇ ಕಷ್ಟವಿತ್ತು. ಶಹಜಾದಿ ಬಸ್ಸು ಹತ್ತಲೊಲ್ಲೆ ಎಂದು ಅತ್ತಳು. ಒಂದು ಕಾಲು ಬಸ್ಸಿನಲ್ಲಿ, ಒಂದು ಕಾಲು ನೆಲದ ಮೇಲೆ. ಡ್ರೈವರ ಕಾದು ಕಾದು ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ. ಕಡೆಗೆ ಒಳಗೆ ಕೂತಿದ್ದ ಹೆಂಗಸರು ಕೂಸನ್ನು ಇಸಿದುಕೊಂಡರು. ಕೂಸು ಒಳಗೆ ಹೋಯಿತು, ತಾಯಿ ಹಿಂದೆಯೇ ಹತ್ತಿದಳು. ಆ ಸಲ ಹೋದವಳು ಮತ್ತೆ ಬರಲಿಲ್ಲ. ಮುಂದಿನ ವರ್ಷ ತಂದೆತಾಯಿ ಇಬ್ಬರೂ ತೀರಿಕೊಂಡರು.

"ಬಂದು ಯಾರ ಮಾರಿ ನೋಡಬೇಕಿತ್ತು ಪಾಪ" ಎಂದಳು ಹೊಳೆವ್ವ. ಎದ್ದು ಒಂದು ಆಡಿಗೆ ಕಲ್ಲು ಬೀರಿ ಬಂದು ಕೂತಳು.

ತಿರುಗಿ ಬರುವ ಬಸ್ಸಿನಲ್ಲಿ ರಾಜಬಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ತಾನು ಬೇರೆಯವರ ಹತ್ತಿಯನ್ನು ತನ್ನದೆಂದು ತುಂಬಿ ಗಾದಿ ಹೊಲಿದಂತಾಯಿತಲ್ಲ ಅನಿಸಿತು. ಅದೂ ಹೋಗಲಿ, ಅವ್ವ ಪ್ರತಿ ಸಲವೂ "ನೀನೂ ಇದ್ದಿ, ನನ್ನ ಬಗಲಾಗ ಇದ್ದಿ, ನೋಡಿ ನಕ್ಕಿದ್ದಿ" ಎಂದು ತನ್ನನ್ನೂ ಆ ಸುಳ್ಳಿನೊಳಗೆ ಕೂರಿಸಿದ್ದಳಲ್ಲ. ಕೇಳಿ ಕೇಳಿ ಅದು ನೆನಪಾಗಿ ಕೂತಿತ್ತು. ಅವ್ವನ ಜೊತೆ ಜಗಳ ಮಾಡೋಣವೆಂದರೆ ಅವ್ವ ತೀರಿಕೊಂಡು ಮೂವತ್ತು ವರ್ಷವಾಗಿತ್ತು.

ಬಸ್ಸು ಬಬಲೇಶ್ವರದಲ್ಲಿ ನಿಂತಿತು. ನಿಲ್ದಾಣದ ಎದುರಿನ ಓಣಿಯ ನಳದ ಮುಂದೆ ಕೊಡಗಳ ಸಾಲು ಇತ್ತು. ಅದನ್ನು ನೋಡುತ್ತಲೇ ರಾಜಬಿಗೆ ಬೇರೊಂದು ನೆನಪು ಬಂತು, ಯಾರೂ ಹೇಳಿಕೊಡದ ನೆನಪು. ಅವ್ವ ಕೆರೆಯ ಕತೆ ಹೇಳುತ್ತಿದ್ದದ್ದು ಯಾವಾಗಲೂ ಇಂಥ ಸಾಲಿನಲ್ಲಿ ನಿಂತಾಗಲೇ. ಸೋದರತ್ತೆಯರು ನೀರಿಗೆ ಹೋಗಲೊಲ್ಲರು, ಮನೆಯ ಸೊಸೆಯಾದ ಅವ್ವ ಹೋಗಬೇಕು. ಪಾಳಿ ಬರುವಷ್ಟರಲ್ಲಿ ನಳ ಹೋಗಿರುತ್ತಿತ್ತು. ಖಾಲಿ ಕೊಡದ ಮೇಲೆ ಮಗಳನ್ನು ಕೂರಿಸಿಕೊಂಡು ಅವ್ವ, ನಮ್ಮೂರಾಗ ನೀರು ಮೆಟ್ಟಲ ಮುಳುಗಿಸಿ ಬರತಿತ್ತು ಎಂದು ಸುರು ಮಾಡುತ್ತಿದ್ದಳು. ಆಸುಪಾಸಿನ ಹೆಂಗಸರೂ ಕೇಳುತ್ತಿದ್ದರು. ಅವರೆದುರು ಕತ್ತೆಯ ಕತೆ ಹೇಳಲು ಅವ್ವನಿಗೆ ಮನಸ್ಸು ಬಂದಿರಲಿಕ್ಕಿಲ್ಲ.

ಮನೆಗೆ ಬಂದಾಗ ಸಿಕಂದರ ಕೇಳಿದ: "ಮೆಟ್ಟಲ ಎಷ್ಟು?"

"ಒಂದೂ ಇಲ್ಲ."

"ತಾಳಕ್ಕ ಕೂಡ್ತೈತಿ ಏನು?"

"ಪದಾನ ಕೂಡೂದಿಲ್ಲ" ಎಂದು ರಾಜಬಿ ಅಡುಗೆಗೆ ಹೋದಳು.

ಕೆಲವು ದಿನ ಅವಳು ಪದದ ಗೊಡವೆಗೆ ಹೋಗಲಿಲ್ಲ. ದಿಂಬು ಹೊಲಿದಳು. ರಾಮಲಿಂಗ ಫೋನು ಮಾಡಿದರೆ ಎತ್ತಲಿಲ್ಲ. ಒಂದು ಮಧ್ಯಾಹ್ನ ಮಾತ್ರ ದಬ್ಬಣ ನಿಲ್ಲಿಸಿ, ಯಂತ್ರ ಬಂದ್ ಮಾಡಲು ಸಿಕಂದರನಿಗೆ ಕೈಸನ್ನೆ ಮಾಡಿ, ಮೊಬೈಲು ಎತ್ತಿಕೊಂಡಳು. ಹಳೆಯ ಪದವನ್ನು ಅವಳು ಕೈಬಿಟ್ಟಿರಲಿಲ್ಲ. ಬಿಳಿ ಕುದುರೆ ಇತ್ತು, ತುಂಬಿದ ಕೆರೆ ಇತ್ತು, ಮೆಟ್ಟಿಲುಗಳೂ ಇದ್ದವು. ಅವುಗಳ ನಂತರ ಒಂದು ನುಡಿ ಹೊಸದಾಗಿ ಬಂದಿತ್ತು.

ಅವ್ವ ಹೇಳಿದ್ದು ಬಿಳಿಯ ಕುದುರಿ
ಊರು ಹೇಳಿದ್ದು ಕತ್ತಿ
ಯಾವುದು ಖರೇ ಕೇಳಬ್ಯಾಡ್ರಿ
ಎರಡೂ ಬಂದೀನಿ ಹತ್ತಿ

ಕಡೆಯ ನುಡಿಯೂ ಬದಲಾಗಿತ್ತು.

ಮಮದಾಪುರದಾಕಿ ನಾ ಅಲ್ಲ
ಮಮದಾಪುರ ಕೇಳಿ ಬೆಳದಾಕಿ
ಶಹಜಾದಿ ಮಗಳು ರಾಜಬಿ ಅಂತ
ಹೆಸರಿಟ್ಟು ಪದವ ಮುಗಿಸಾಕಿ

ರಾಮಲಿಂಗನಿಗೆ ಕತ್ತೆ ಬೇಡವಾಗಿತ್ತು. ಮಲ್ಲಿಕಸಾಬನೂ ಮೂವತ್ತು ವರ್ಷ ಹಾಡಿದ ಬಾಯಲ್ಲಿ ಕತ್ತೆಯ ಹೆಸರು ಎತ್ತುವುದಿಲ್ಲ ಅಂದ. ಇಬ್ಬರೂ ಕೂಡಿ ಅಂಗಡಿಗೆ ಬಂದು, ಆ ಒಂದು ನುಡಿ ತೆಗೆಯಬೇಕೆಂದು ಕೇಳಿಕೊಂಡರು. ಎರಡು ಮೇಳದವರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ರಾಜಬಿ ಚಹಾ ಕೊಟ್ಟಳು, ನುಡಿ ತೆಗೆಯಲಿಲ್ಲ. ಕಡೆಗೆ ಕತ್ತೆಯ ನುಡಿಯನ್ನು ಇಬ್ಬರೂ ಹಾಡದೆ ಹಿಮ್ಮೇಳಕ್ಕೆ ಬಿಡುವುದೆಂದು ಒಪ್ಪಂದವಾಯಿತು.

ಬಬಲೇಶ್ವರದಲ್ಲಿ ಕೂಡಿದ ದಿನ ರಾಜಬಿ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಕುದುರೆ ಬಂತು, ಮಂದಿ ತಲೆದೂಗಿದರು. ಹಿಮ್ಮೇಳದವರು ಕತ್ತೆ ಅಂದಾಗ ಎಲ್ಲರೂ ಹೋ ಎಂದು ನಕ್ಕರು. ನಗು ಅಡಗುವಷ್ಟರಲ್ಲಿ "ಎರಡೂ ಬಂದೀನಿ ಹತ್ತಿ" ಎಂಬ ಸಾಲು ಬಂತು. ರಾಜಬಿಯ ಪಕ್ಕದಲ್ಲಿ ಕೂತಿದ್ದ ಪರಸವ್ವನೆಂಬಾಕೆ ಸೆರಗಿನಿಂದ ಮೂಗು ಒರೆಸಿಕೊಂಡು, "ನಮ್ಮವ್ವನೂ ಹಿಂಗಾ, ಅರಕೇರ್ಯಾಗ ಮಾವಿನ ತೋಟ ಐತಿ ಅಂತಿದ್ಳು. ಹೋಗಿ ನೋಡಿದ್ರ ಒಂದ ಗಿಡ. ಅದೂ ಬ್ಯಾರೇದವರದು" ಅಂದಳು. ರಾಜಬಿ ತಾನು ಯಾರೆಂದು ಅವಳಿಗೆ ಹೇಳಲಿಲ್ಲ. ಅವಳ ಕೈ ಮೇಲೆ ಕೈ ಇಟ್ಟಳು.

ಊರು ಅಲ್ಲ ಎಂದು ಹೇಳಿ ಊರಿನ ಹೆಸರು ಹಾಕಿದರೆ ಕಟ್ಟಳೆಗೆ ಒಪ್ಪುತ್ತದೋ ಇಲ್ಲವೋ ಎಂದು ಪಂಚರು ಬಹಳ ಹೊತ್ತು ಚರ್ಚೆ ಮಾಡಿದರು. ಊರಿನ ಹೆಸರು ಎರಡು ಸಲ ಬಂದಿದೆಯಾದ್ದರಿಂದ ಕೊರತೆಯೇನೂ ಇಲ್ಲ ಎಂದು ಕೊನೆಗೆ ತೀರ್ಪು ಕೊಟ್ಟರು. ಅಂದಿನಿಂದ ಕತ್ತೆಯ ನುಡಿಯನ್ನು ತಾನೇ ಹಾಡುತ್ತೇನೆಂದು ರಾಮಲಿಂಗನೂ ಮಲ್ಲಿಕಸಾಬನೂ ಜಗಳವಾಡುತ್ತಿದ್ದಾರೆ.

ತಿಂಗಳೊಪ್ಪತ್ತಿನಲ್ಲಿ ಮಮದಾಪುರದಿಂದ ಇಬ್ಬರು ಹಿರಿಯರು ಅಂಗಡಿಗೆ ಬಂದರು. ಪದ ಎಲ್ಲ ಕಡೆ ಹಾಡುತ್ತಿದ್ದಾರೆ, ಊರಿಗೆ ಹೆಸರು ಬಂದಿದೆ, ಸಂತೋಷ ಎಂದರು. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು.

"ಕುದುರಿನ ಇತ್ತು ಅಂತ ಮಾಡ್ರಲಾ ಅಕ್ಕಾರ. ಬ್ಯಾರೆ ಊರಿನ ಮಂದಿ ನಮಗ ಕತ್ತಿ ಊರಿನವರು ಅನ್ನಾಕತ್ತಾರ."

"ನಾ ಏನ್ ಮಾಡ್ಲಿರಿ? ಹೊಳೆವ್ವಾಯಿ ಹೇಳ್ಯಾಳ."

"ಆಕಿಗೆ ಕಣ್ಣ ಕಾಣೂದಿಲ್ರಿ."

"ಆವಾಗ ಕಾಣತಿದ್ದುವಲ್ರಿ."

ಕಡೆಗೆ ಒಬ್ಬರು, ಕತ್ತೆಯೇ ಇರಲಿ, ಎರಡೂ ಕಿವಿ ಇರುವ ಕತ್ತೆಯಾಗಲಿ ಎಂದು ಕೇಳಿದರು. ಪದದಲ್ಲಿ ಕಿವಿಯ ಸುದ್ದಿಯೇ ಇಲ್ಲ, ಹೆದರಬೇಡಿ ಎಂದು ರಾಜಬಿ ಭರವಸೆ ಕೊಟ್ಟಳು. ಎರಡು ದಿಂಬು ಕೊಂಡುಕೊಂಡು ಹೋದರು.

ಅವರು ಹೋದ ಮೇಲೆ ರಾಜಬಿ ಹತ್ತಿಯ ರಾಶಿಯ ಪಕ್ಕ ಕೂತಳು. ಕುದುರೆ ಅವ್ವನದು, ಕತ್ತೆ ಹೊಳೆವ್ವನದು, ಕೆರೆ ಊರಿನದು. ಹಾಗಾದರೆ ಅವ್ವನ ದನಿ ಇಲ್ಲದ, ತನ್ನ ಕಣ್ಣೇ ಕಂಡ ನೆನಪು ಯಾವುದು ಎಂದು ಹುಡುಕಿದಳು. ಸಿಕ್ಕದ್ದು ಬಹಳವಿಲ್ಲ. ಬಬಲೇಶ್ವರದ ಪಡಸಾಲೆ. ಅಪ್ಪನ ಬಿಲ್ಲಿನ ಡಂಯ್ ಡಂಯ್. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ತೇಲುವ ಹತ್ತಿಯ ಎಳೆಗಳು. ಬಿಲ್ಲು ಸುರುವಾದರೆ ಓಣಿಯ ಹೆಂಗಸರು ದಡದಡ ಬಾಗಿಲು ಹಾಕಿಕೊಳ್ಳುತ್ತಿದ್ದರು, ಅಡುಗೆಗೆ ಹತ್ತಿ ಬೀಳುತ್ತದೆಂದು. ಅದರ ಜೊತೆಗೆ ಅಪ್ಪನ ಕೆಮ್ಮು. ಅಪ್ಪ ಮಾತು ಕಡಿಮೆ, ಒಂದು ಕತೆಯನ್ನೂ ಹೇಳಿದವನಲ್ಲ. ಅವನು ಎಲ್ಲಿದ್ದಾನೆಂದು ಕೆಮ್ಮಿನಿಂದಲೇ ಗೊತ್ತಾಗುತ್ತಿತ್ತು. ಒಂದು ದಿನ ಆ ಕೆಮ್ಮು ನಿಂತು ಮನೆ ಗಪ್ಪಾಯಿತು. ಹೀಗೆ ಬಬಲೇಶ್ವರದಲ್ಲಿ ಹದಿನೈದು ವರ್ಷ ಇದ್ದವಳು ಆ ಊರಿನ ಒಂದು ಕಲ್ಲನ್ನೂ ಈವರೆಗೆ ಪದದಲ್ಲಿ ಇಟ್ಟಿರಲಿಲ್ಲ.

ಈ ಪದ ಕಟ್ಟಲು ಅವಳಿಗೆ ಮಳೆಗಾಲವೆಲ್ಲ ಹಿಡಿಯಿತು. ಗಾದಿಗಳು ತಡವಾದವು, ಗಿರಾಕಿಗಳು ಬೈದರು. ಮುಗಿದ ದಿನ ಅದನ್ನು ರಾಮಲಿಂಗನಿಗೆ ಕಳಿಸಿದಳು. ಅವನು ಕೇಳಿ, ಬಹಳ ಹೊತ್ತಿನ ಮೇಲೆ ಫೋನು ಮಾಡಿದ.

"ಅಕ್ಕಾ, ಇದರಾಗ ಕೆರಿ ಇಲ್ಲ, ಕುದುರಿ ಇಲ್ಲ, ಕತ್ತಿನೂ ಇಲ್ಲ. ಬರೇ ಕೆಮ್ಮ ಐತಿ."

"ಹೌದೋ ತಮ್ಮಾ. ಇದು ನಂದು."

"ಇದನ್ನ ಹಾಡೂದು ಹ್ಯಾಂಗ?"

"ಬಿಲ್ಲಿನ ಸಪ್ಪಳಕ್ಕ ತಾಳ ಹಾಕು. ನಡುವ ಎರಡ ಸಲ ಕೆಮ್ಮು. ಮೂರನೇ ಸಲ ಕೆಮ್ಮಬ್ಯಾಡ, ಸುಮ್ಮ ನಿಂದರು."

ರಾಮಲಿಂಗನಿಗೆ ಆ ಬಿಲ್ಲಿನ ಸುದ್ದಿ ಗೊತ್ತಿತ್ತು. ಅವನ ಅಪ್ಪನ ಮನೆಯೂ ಆ ಓಣಿಯಲ್ಲೇ ಇತ್ತು, ಬಾಗಿಲು ಹಾಕಿಕೊಳ್ಳುತ್ತಿದ್ದವರಲ್ಲಿ ಅವನ ಅವ್ವನೂ ಒಬ್ಬಳು. ಈಗ ಬಬಲೇಶ್ವರದಲ್ಲಿ ವಾರಕ್ಕೆ ಎರಡು ಸಂಜೆ ಮೇಳದವರು ಈ ಪದವನ್ನು ರೂಢಿ ಮಾಡುತ್ತಿದ್ದಾರೆ. ಮೂರನೆಯ ಸಲ ಸುಮ್ಮನೆ ನಿಲ್ಲುವುದು ಹಿಮ್ಮೇಳಕ್ಕೆ ಇನ್ನೂ ಕೈಗೆ ಹತ್ತಿಲ್ಲ, ಯಾರಾದರೊಬ್ಬರು ಕೆಮ್ಮಿಬಿಡುತ್ತಾರೆ. ಕೇಳಿಸಿಕೊಂಡ ನೆರೆಮನೆಯಾಕೆ ಮೊನ್ನೆ ಶುಂಠಿ ಕಷಾಯ ಮಾಡಿ ಕಳಿಸಿದ್ದಳು. ಎಲ್ಲರೂ ಕುಡಿದರು.